ಸಿಬ್ಬಂದಿ ಕಡಿತ ಅನಿವಾರ್ಯವಾದಾಗ ಕಾರ್ಖಾನೆಯ ಆಡಳಿತ ಮಾಡಬೇಕಾದುದೇನು?

ಸೇಡಂ, ಚಿತ್ತಾಪುರ ಭಾಗದ ಸಿಮೆಂಟ್ ಕಾರ್ಖಾನೆಯಿರಲಿ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಔಷಧ ಘಟಕವಿರಲಿ, ಕಲಬುರಗಿಯ ಬೇಳೆ ಗಿರಣಿಯಿರಲಿ, ಇಲ್ಲಿ ಕೆಲಸ ಕಳೆದುಕೊಂಡವರಿಗೆ ಅದೇ ಊರಿನಲ್ಲಿ ಅಂಥದೇ ಇನ್ನೊಂದು ಕೆಲಸ ಸಿಗುವುದು ಕಷ್ಟ. ಎಷ್ಟೋ ಜನ ಪುಣೆ, ಮುಂಬೈ, ಹೈದರಾಬಾದಿನ ದಾರಿ ಹಿಡಿಯಬೇಕಾಗುತ್ತದೆ. ಆದ್ದರಿಂದ ಮೊದಲು ಓವರ್‌ಟೈಮ್ ನಿಲ್ಲಿಸಿ, ಹೊಸ ನೇಮಕಾತಿ ತಡೆಹಿಡಿಯಿರಿ, ನಿವೃತ್ತರಾಗುವವರ ಜಾಗಕ್ಕೆ ಒಳಗಿನವರನ್ನೇ ಹಾಕಿ. ಇಷ್ಟಾದ ಮೇಲೂ ಲೆಕ್ಕ ಸರಿಹೊಂದದಿದ್ದರೆ ಮಾತ್ರ ಕಡಿತದ ಪಟ್ಟಿಗೆ ಕೈಹಾಕಿ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಒಂದು ವರ್ಷ ಸತತ ಸೇವೆ ಸಲ್ಲಿಸಿದ ಯಾವ ಕಾರ್ಮಿಕರನ್ನೂ ಸರ್ಕಾರದ ಪೂರ್ವಾನುಮತಿಯಿಲ್ಲದೆ ಕಡಿತಗೊಳಿಸುವಂತಿಲ್ಲ. ಅದಕ್ಕಿಂತ ಚಿಕ್ಕ ಘಟಕವಾದರೂ, ಒಂದು ವರ್ಷ ಸತತ ಸೇವೆ ಸಲ್ಲಿಸಿದ ಕಾರ್ಮಿಕರಿಗೆ ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟಿಸನ್ನು ಅಥವಾ ಆ ತಿಂಗಳ ವೇತನವನ್ನು ಕೊಡಬೇಕು. ಅದರೊಂದಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಒಂದೇ ವರ್ಗದ ಕೆಲಸಗಾರರಲ್ಲಿ ಕೊನೆಗೆ ಸೇರಿದವರು ಮೊದಲು ಹೋಗುವುದು ಸಾಮಾನ್ಯ ನಿಯಮ. ಅದನ್ನು ಮೀರುವುದಾದರೆ ಕಾರಣವನ್ನು ಬರೆದಿಡಬೇಕು.

ಪ್ರತಿಯೊಬ್ಬರ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬಿಡಿಸಿ ಬರೆಯಿರಿ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,000 ರೂಪಾಯಿ ಪಡೆಯುವ, 8 ವರ್ಷ 7 ತಿಂಗಳು ದುಡಿದ ಫಿಟ್ಟರ್ ಒಬ್ಬರನ್ನು ತೆಗೆದುಕೊಳ್ಳೋಣ. ಆರು ತಿಂಗಳು ಮೀರಿದ ಭಾಗವೂ ಪೂರ್ಣ ವರ್ಷವೆಂದೇ ಎಣಿಕೆಯಾಗುವುದರಿಂದ ಅವರ ಸೇವೆ 9 ವರ್ಷ. ಕಡಿತದ ಪರಿಹಾರ 81,000 ರೂಪಾಯಿ. ಗ್ರಾಚ್ಯುಟಿಯೂ ವರ್ಷಕ್ಕೆ 15 ದಿನಗಳ ವೇತನವೇ, ಆದರೆ ಅದಕ್ಕೆ ತಿಂಗಳನ್ನು 26 ದಿನಗಳೆಂದು ಭಾಗಿಸುವುದರಿಂದ ಆ ಮೊತ್ತ ಸುಮಾರು 93,460 ರೂಪಾಯಿ. ಇವುಗಳ ಮೇಲೆ ಬಾಕಿ ಸಂಬಳ ಮತ್ತು ರಜೆಯ ಹಣ ಬರಬೇಕು. ಕಡಿತಗೊಂಡವರು ಹೊಸ ಕೌಶಲ ಕಲಿಯಲೆಂದು ಇರುವ ಮರುಕೌಶಲ ನಿಧಿಗೆ ಮಾಲೀಕರು ಕಟ್ಟುವ 15 ದಿನಗಳ ವೇತನವೂ ಆ ಕಾರ್ಮಿಕರ ಖಾತೆಗೇ ಸೇರಬೇಕು. ಈ ಹಾಳೆಯನ್ನು ಓದಿ ಹೇಳಿ, ಒಂದು ಪ್ರತಿಯನ್ನು ಅವರ ಕೈಗೆ ಕೊಡಿ. ನೋಟಿಸು ಕನ್ನಡದಲ್ಲಿರಲಿ, ಬೀದರ್ ಕಡೆಯ ಘಟಕಗಳಲ್ಲಿ ಮರಾಠಿ ಅಥವಾ ಉರ್ದು ಮಾತ್ರ ಓದಬಲ್ಲವರಿದ್ದರೆ ಆ ಭಾಷೆಯ ಪ್ರತಿಯೂ ಜೊತೆಗಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಯಾರಿಂದಲೂ ರಾಜೀನಾಮೆ ಬರೆಸಿಕೊಳ್ಳಬೇಡಿ. "ನೀವೇ ಬಿಟ್ಟಂತೆ ಬರೆದುಕೊಟ್ಟರೆ ಮುಂದೆ ಒಳ್ಳೆಯದು" ಎಂದು ಪುಸಲಾಯಿಸಿ ಸಹಿ ಹಾಕಿಸುವುದು ಸೌಜನ್ಯವಲ್ಲ, ಅನ್ಯಾಯ. ಸ್ವಂತ ಇಚ್ಛೆಯಿಂದ ಬಿಟ್ಟವರೆಂದು ಕಾಗದದಲ್ಲಿ ದಾಖಲಾದ ಮೇಲೆ ಕಡಿತದ ಪರಿಹಾರವನ್ನು ಕೇಳುವ ಹಕ್ಕೇ ದುರ್ಬಲವಾಗುತ್ತದೆ. ಗುತ್ತಿಗೆದಾರರ ಮೂಲಕ ದುಡಿಯುವವರ ಪಿಎಫ್ ಮತ್ತು ಇಎಸ್‌ಐ ವಂತಿಗೆ ನಿಜವಾಗಿ ಕಟ್ಟಲಾಗಿದೆಯೇ ಎಂಬುದನ್ನು ಅವರು ಗೇಟು ದಾಟುವ ಮುನ್ನವೇ ಪರಿಶೀಲಿಸಿ. ಅನಂತರ ಗುತ್ತಿಗೆದಾರರನ್ನು ಹುಡುಕಿಕೊಂಡು ಅಲೆಯುವ ಪಾಡು ಅವರಿಗೆ ಬರಬಾರದು.

ವಿಷಯವನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಸೂಚನಾ ಫಲಕಕ್ಕೂ ಅಂಟಿಸಬೇಡಿ. ಅವರ ಕೆಲಸವನ್ನು ಬಲ್ಲ ವಿಭಾಗದ ಮುಖ್ಯಸ್ಥರೇ ಪ್ರತ್ಯೇಕವಾಗಿ ಕೂರಿಸಿ ಹೇಳಬೇಕು. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಜೂನ್ ತಿಂಗಳನ್ನು ತಪ್ಪಿಸಿ. ಮಕ್ಕಳ ಶಾಲೆಯ ಶುಲ್ಕ ಮತ್ತು ತೊಗರಿ ಬಿತ್ತನೆಯ ಖರ್ಚು ಎರಡೂ ಒಟ್ಟಿಗೆ ಬರುವ ಕಾಲವದು, ಮತ್ತು ನಮ್ಮ ಭಾಗದ ಅನೇಕ ಕಾರ್ಮಿಕರ ಒಣಬೇಸಾಯಕ್ಕೆ ಬೀಜ ಗೊಬ್ಬರ ಬರುವುದು ಕಾರ್ಖಾನೆಯ ಸಂಬಳದಿಂದಲೇ.

ಉಳಿದವರ ಮನಸ್ಸಿನಲ್ಲೂ "ಮುಂದಿನ ಸರದಿ ಯಾರದು?" ಎಂಬ ಭಯ ಕೂತಿರುತ್ತದೆ. ಇನ್ನೂ ಕಡಿತವಿದೆಯೋ ಇಲ್ಲವೋ ಎಂಬುದನ್ನು ನೇರವಾಗಿ ಹೇಳಿ. ಖಚಿತವಿಲ್ಲದಿದ್ದರೆ ಭರವಸೆ ಕೊಡಬೇಡಿ. ಹೋದವರ ಪಾಳಿಯನ್ನೆಲ್ಲ ಇದ್ದವರ ಹೆಗಲಿಗೆ ಹೊರಿಸಿದರೆ ಅಪಘಾತಗಳಿಗೆ ದಾರಿಯಾಗುತ್ತದೆ. ಸಿಮೆಂಟ್ ಕಾರ್ಖಾನೆಯ ಕುಲುಮೆ (ಕಿಲ್ನ್) ಮತ್ತು ರಾಸಾಯನಿಕ ವಿಭಾಗಗಳಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಕಡಿತಗೊಂಡವರ ಹೆಸರು, ಕೌಶಲ ಮತ್ತು ಫೋನ್ ಸಂಖ್ಯೆಯ ಪಟ್ಟಿಯನ್ನು ಕಚೇರಿಯಲ್ಲಿ ಜೋಪಾನವಾಗಿಡಿ. ಒಂದು ವರ್ಷದೊಳಗೆ ಮತ್ತೆ ನೇಮಕಾತಿ ಆರಂಭವಾದರೆ ಕಾನೂನಿನಂತೆ ಮೊದಲ ಅವಕಾಶ ಸಲ್ಲಬೇಕಾದುದು ಅವರಿಗೆ.