ನಕ್ಷೆ ಬಿಟ್ಟೆ, ಚಿಲ್ಲರೆ ಕಾಗದ ಹಿಡಿದೆ

ನಕ್ಷೆ ಇಲ್ಲದೆ ಎರಡು ದೇಶಗಳ ನಡುವಿನ ದ್ವೀಪದ ಒಡೆತನದ ಕೇಸಿಗೆ ಫೈಲು ಕಟ್ಟುತ್ತೇನೆ ಅಂದಾಗ ನಮ್ಮ ತಂಡದ ಇಬ್ಬರು ವಕೀಲರು ನಕ್ಕೇಬಿಟ್ಟರು. ನನ್ನದು ದಾಖಲೆ ಹುಡುಕುವ ಕೆಲಸ. ಯಾವ ದ್ವೀಪ, ಯಾವ ದೇಶ ಅಂತ ಹೇಳುವ ಹಾಗಿಲ್ಲ, ಬಿಡಿ. ಆದರೆ ಹೋದ ತಿಂಗಳು ನನ್ನ ಫೈಲಿನ ಮುಕ್ಕಾಲು ಪಾಲು ಕೋರ್ಟಿಗೆ ಸಲ್ಲಿಸುವ ಲಿಖಿತ ವಾದದ (ಮೆಮೋರಿಯಲ್) ಅನುಬಂಧಕ್ಕೆ ಹೋಯಿತು. ನಕ್ಕವರೇ ಈಗ ಇನ್ನೂ ಇದೆಯಾ ಅಂತ ಕೇಳುತ್ತಾರೆ.

ಮೊದಲ ವರ್ಷ ನಾನೂ ನಕ್ಷೆಯ ಹಿಂದೆಯೇ ಬಿದ್ದಿದ್ದೆ. ಲಂಡನ್ನಿನ ಒಬ್ಬ ವ್ಯಾಪಾರಿಗೆ ಸುಮಾರು 900 ಪೌಂಡ್ ಕೊಟ್ಟು ಹಳೇ ಕಡಲ ನಕ್ಷೆ ತಂದೆ. ದ್ವೀಪಕ್ಕೆ ನಮ್ಮ ಕಡೆಯದೇ ಬಣ್ಣ! ಆಮೇಲೆ ನೋಡಿದರೆ, ಬಣ್ಣ ಹಚ್ಚಿದ್ದು ಎಷ್ಟೋ ವರ್ಷ ಬಿಟ್ಟು, ಮಾರುವಾಗ ಚೆಂದ ಕಾಣಲಿ ಅಂತ. ದುಡ್ಡೂ ಹೋಯಿತು, ಮಾನವೂ ಹೋಯಿತು.

ಆಗ ಲಿಗಿತಾನ್, ಸಿಪದಾನ್ ಎಂಬ ಎರಡು ಪುಟ್ಟ ದ್ವೀಪಗಳ ಬಗ್ಗೆ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ತೀರ್ಪು ಮತ್ತೆ ಓದಿದೆ. 1891ರ ಒಪ್ಪಂದ, ನಕ್ಷೆ ಅಂತ ಇಂಡೊನೇಷ್ಯಾ ಎಷ್ಟು ವಾದಿಸಿದರೂ 2002ರಲ್ಲಿ ಗೆದ್ದಿದ್ದು ಮಲೇಷ್ಯಾ. ಗೆಲ್ಲಿಸಿದ್ದು ಏನು? ಅಲ್ಲಿ ಬ್ರಿಟಿಷರ ಆಡಳಿತವಿದ್ದಾಗಿನ 1917ರ ಆಮೆ ರಕ್ಷಣೆ ಕಾನೂನು, ಮೊಟ್ಟೆ ಆಯುವುದರ ಮೇಲಿನ ನಿಯಂತ್ರಣ, ಸಿಪದಾನ್‌ನಲ್ಲಿ 1933ರ ಪಕ್ಷಿಧಾಮ. ಬ್ರಿಟನ್–ಫ್ರಾನ್ಸ್ ನಡುವಿನ 1953ರ ಮಿಂಕಿಯೆ–ಎಕ್ರೆಹೋ ದ್ವೀಪಗಳ ಕೇಸಿನಲ್ಲೂ ಅಷ್ಟೇ. ದ್ವೀಪದಲ್ಲಿ ಸಿಕ್ಕ ಹೆಣಗಳ ವಿಚಾರಣೆ ಬ್ರಿಟಿಷ್ ರಾಜಮನೆತನಕ್ಕೆ ಸೇರಿದ ಪಕ್ಕದ ಜೆರ್ಸಿ ದ್ವೀಪದವರೇ ಮಾಡಿದ್ದರು, ಮನೆಗಳಿಗೆ ತೆರಿಗೆ ಹಾಕಿದ್ದರು. ಅದೇ ಬ್ರಿಟನ್ನಿನ ಕೈ ಹಿಡಿಯಿತು.

ಹಾಗಾಗಿ ಕ್ರಿಟಿಕಲ್ ಡೇಟಿಗೆ, ಅಂದರೆ ಜಗಳ ಶುರುವಾದ ದಿನಕ್ಕೆ, ಮುಂಚಿನ ಚಿಲ್ಲರೆ ಕಾಗದ ಮಾತ್ರ ಹುಡುಕಿದೆ: ನಮ್ಮವರು ಆ ದ್ವೀಪವನ್ನು ದಿನನಿತ್ಯ ಆಳುತ್ತಿದ್ದರು ಅಂತ ತೋರಿಸುವಂಥದ್ದು. ಮೊದಲು ದೀಪಸ್ತಂಭದ ಎಣ್ಣೆ ಲೆಕ್ಕ. ಮೂರು ವಾರ ವ್ಯರ್ಥ. ದೀಪ ಹಡಗಿಗಾಗಿ, ಒಡೆತನಕ್ಕಲ್ಲ ಅಂತ ಎದುರಿನವರು ಒಂದೇ ಮಾತಿನಲ್ಲಿ ಹೊಡೆದುಹಾಕಬಹುದು. ಆಮೇಲೆ ಸಿಕ್ಕಿತು ಆ ಹಾಳೆ. ಹಕ್ಕಿ ಮೊಟ್ಟೆ ಕದ್ದವನಿಗೆ ದಂಡ, ಕೆಳಗೆ ಅವನ ಹೆಬ್ಬೆಟ್ಟು, ಅಂಚಿನಲ್ಲಿ ‘ವಸೂಲಾಯಿತು’ ಅಂತ ಗುಮಾಸ್ತನ ಗೀಚು. ಕಾನೂನು ಇದ್ದದ್ದಷ್ಟೇ ಅಲ್ಲ, ಆ ಬಂಡೆಯ ಮೇಲೆ ನಡೆದೂ ಇತ್ತು! ಯಾವ ಇಲಾಖೆಯ ಕಡತ ಅಂತ ಮಾತ್ರ ಕೇಳಬೇಡಿ. ವಿದೇಶಾಂಗದ್ದಲ್ಲ, ಅಷ್ಟು ಹೇಳುತ್ತೇನೆ. ನಾಲ್ಕು ಸಾವಿರ ಹಾಳೆ ತಿರುವಿರಬಹುದು. ಉಪಯೋಗಕ್ಕೆ ಬಂದಿದ್ದು ಅರವತ್ತೋ ಎಪ್ಪತ್ತೋ. ಪ್ರತಿ, ಅನುವಾದ ಎಲ್ಲಾ ಸೇರಿ 2,000 ಪೌಂಡ್ ಆಸುಪಾಸು.

ಮಧ್ಯೆ ಸುಮ್ನೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಹಳೇ ಮೀನುಗಾರರ ನೆನಪುಗಳನ್ನು ರೆಕಾರ್ಡ್ ಮಾಡಿಕೊಂಡೆ. ಕೇಳಲು ಸೊಗಸು, ಕೇಸಿಗೆ ಸೊನ್ನೆ. ಸರ್ಕಾರದ ಪರವಾಗಿ ಹೋದವರಲ್ಲವಲ್ಲ. ಸಿಪದಾನ್ ಕೇಸಿನಲ್ಲಿ ಇಂಡೊನೇಷ್ಯಾದ ಮೀನುಗಾರರ ವಾದಕ್ಕೂ ಅದೇ ಗತಿಯಾಗಿತ್ತು. ಆದರೆ ಒಬ್ಬ ಅಜ್ಜ ದ್ವೀಪಕ್ಕೆ ಇನ್ನೆರಡು ಹೆಸರು ಹೇಳಿದರು. ಆ ಹೆಸರು ಹಿಡಿದು ಹುಡುಕಿದ್ದಕ್ಕೇ ದಂಡದ ಹಾಳೆ ಸಿಕ್ಕಿದ್ದು.

ಇನ್ನೊಂದು ಮಾತು. ಎದುರಿನವರಿಗೆ ಸಿಗುವ ಮುಂಚೆ ನಿಮ್ಮದೇ ಕಡೆಯ ಕೆಟ್ಟ ಪತ್ರ ಹುಡುಕಿಕೊಳ್ಳಿ. ಪೆದ್ರಾ ಬ್ರಾಂಕಾ ಗೊತ್ತಲ್ವಾ, ಸಿಂಗಾಪುರ–ಮಲೇಷ್ಯಾ ಕಿತ್ತಾಡಿದ ಬಂಡೆ ದ್ವೀಪ? ಆ ಬಂಡೆಯ ಒಡೆತನ ತಾವು ಕೇಳುವುದಿಲ್ಲ ಅಂತ 1953ರಲ್ಲಿ, ಈಗ ಮಲೇಷ್ಯಾದ ರಾಜ್ಯವಾಗಿರುವ ಜೋಹೋರ್‌ನ ಹಂಗಾಮಿ ಕಾರ್ಯದರ್ಶಿ ಬರೆದ ಉತ್ತರ 2008ರಲ್ಲಿ ಮಲೇಷ್ಯಾಕ್ಕೆ ದುಬಾರಿಯಾಯಿತು. ನಮ್ಮ ಕಡೆಯೂ ಅಂಥದ್ದೊಂದು ಸಿಕ್ಕಿತು. ಅದನ್ನು ಮೇಜಿನ ಮೇಲಿಟ್ಟ ದಿನ ಆ ಇಬ್ಬರು ವಕೀಲರೂ ಊಟಕ್ಕೆ ಏಳಲಿಲ್ಲ.