ಎರಡು ಮಿಲಿಮೀಟರ್ ಒಳಕ್ಕೆ

42ನೇ ವಯಸ್ಸಿಗೆ ಸ್ಕೇಟಿಂಗ್ ಕಲಿಯಲು ಐಸ್ ಮೇಲೆ ಕಾಲಿಟ್ಟವನು ನಾನು. ಕೆನಡಾದ ವಾಟರ್ಲೂನಲ್ಲಿ ಚಳಿಗಾಲ ಬಂತೆಂದರೆ ಸಂಜೆ ಕಳೆಯಲು ರಿಂಕ್, ಅಂದರೆ ಐಸ್ ಅಂಗಳ, ಬಿಟ್ಟರೆ ಜಾಸ್ತಿ ದಾರಿಯಿಲ್ಲ. ಮೊದಲ ಎರಡು ವರ್ಷ ಬೂಟು, ಬ್ಲೇಡು ಕೂಡಿಸಿಯೇ ಬರುವ ಅಗ್ಗದ ಜೋಡಿ ಸಾಕಾಯ್ತು. ಆಮೇಲೆ ಥ್ರೀ ಟರ್ನ್ (ಒಂಟಿಕಾಲಲ್ಲೇ ಹಿಂದುಮುಂದಾಗಿ ತಿರುಗುವುದು), ವಾಲ್ಟ್ಸ್ ಜಂಪ್ (ಅರ್ಧ ಸುತ್ತಿನ ಹಾರುವಿಕೆ), ಸ್ಪಿನ್ (ನಿಂತಲ್ಲೇ ಸುತ್ತುವುದು) ಅಂತ ಆಸೆ ಹತ್ತಿತು. ಬೂಟು ಬೇರೆ, ಬ್ಲೇಡು ಬೇರೆ ಕೊಂಡೆ.

ಪೆಟ್ಟಿಗೆ ಬಿಚ್ಚಿದಾಗ ಹೆಂಡತಿ, "ಏನ್ರೀ ಇದು, ಈಳಿಗೆಮಣೆ ಕಾಲಿಗೆ ಕಟ್ಕೊಂಡು ಹೋಗ್ತೀರಾ?" ಅಂದಳು. ಅರ್ಧ ಸರಿ. ಈಳಿಗೆಗೆ ಒಂದೇ ಅಂಚು, ಇದಕ್ಕೆ ಎರಡು. ಸುಮಾರು 4 ಮಿಲಿಮೀಟರ್ ದಪ್ಪದ ಉಕ್ಕಿನ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ. ಅದರ ಎರಡು ದಡಗಳೇ ಅಂಚು. ಪಕ್ಕದಿಂದ ನೋಡಿದರೆ ತಳ ತೊಟ್ಟಿಲಿನ ಹಾಗೆ ಬಾಗಿರುತ್ತದೆ. ಅದು ರಾಕರ್. ಮುಂತುದಿಯಲ್ಲಿ ಹಲ್ಲುಗಳು, ಅಂದರೆ ಟೋ ಪಿಕ್.

ನಮ್ಮೂರಲ್ಲೇ ಸ್ಕೇಟು ಮಾಡುವ ಜಾಕ್ಸನ್ ಅಲ್ಟಿಮಾ ಕಂಪನಿ ಇದೆ. ಆದರೂ ನನ್ನ ಮನಸ್ಸು ಇಂಗ್ಲೆಂಡಿನ ಶೆಫೀಲ್ಡ್‌ನ ಜಾನ್ ವಿಲ್ಸನ್ ಬ್ಲೇಡುಗಳ ಮೇಲೆ ಬಿತ್ತು. ಮೊದಲು ಕಣ್ಣು ಹೋಗಿದ್ದು ಅವರ ಗೋಲ್ಡ್ ಸೀಲ್ ಮಾದರಿಯ ಕಡೆಗೆ, ಸುಮ್ನೆ ಹೆಸರಿನ ಮೋಹ. ಅದರ ರಾಕರ್ 8 ಅಡಿ ತ್ರಿಜ್ಯದ್ದು, ಹಲ್ಲುಗಳು ದೊಡ್ಡವು. ಎರಡು, ಮೂರು ಸುತ್ತು ಹಾರುವವರಿಗೆ ಅದು. ಅರ್ಧ ಸುತ್ತಿಗೇ ಏದುಸಿರು ಬಿಡುವ ನನಗೆ ಯಾಕೆ? 7 ಅಡಿ ರಾಕರ್‌ನ ಕೊರೊನೇಷನ್ ಏಸ್ ತಗೊಂಡೆ. ಬಾಗು ಜಾಸ್ತಿ ಇರುವುದರಿಂದ ತಿರುಗುವುದು ಸಲೀಸು.

ಜೋಡಿಸುವ ದಿನ ಎಲ್ಲಾ ಸ್ಕ್ರೂ ಹಾಕಿಸಬೇಡಿ. ಬ್ಲೇಡಿನ ತಟ್ಟೆಯಲ್ಲಿ ಕೆಲವು ತೂತು ಉದ್ದುದ್ದ ಇರುತ್ತವೆ. ಮೊದಲು ಅವಕ್ಕೆ ಮಾತ್ರ ಸ್ಕ್ರೂ. ಆಗ ಬ್ಲೇಡನ್ನು ಅತ್ತಿತ್ತ ಸರಿಸಬಹುದು. ನನಗೆ ಪಾದ ಒಳಕ್ಕೆ ವಾಲುವ ಚಾಳಿ. ಎಡಗಾಲಲ್ಲಿ ನೇರ ಜಾರಲು ಹೋದರೆ ಬ್ಲೇಡು ತಾನಾಗಿ ಒಳ ಅಂಚು ಹಿಡಿದು ಬಲಕ್ಕೆ ಎಳೆಯುತ್ತಿತ್ತು. ಆರು ತಿಂಗಳು ನನ್ನ ಕಾಲನ್ನೇ ಬೈದುಕೊಂಡಿದ್ದೆ. ಬ್ಲೇಡು ಕೂರಿಸುವವರು ನನ್ನನ್ನು ಒಂಟಿಕಾಲಲ್ಲಿ ಜಾರಿಸಿ ನೋಡಿ, ಹಿಮ್ಮಡಿಯ ಕಡೆ ಬ್ಲೇಡನ್ನು 2 ಮಿಲಿಮೀಟರ್ ಒಳಕ್ಕೆ ಸರಿಸಿದರು. ಬೂಟಿಗೂ ಬ್ಲೇಡಿಗೂ ನಡುವೆ, ಒಳಬದಿಗೆ, ತೆಳು ಚರ್ಮದ ಪಟ್ಟಿಯೊಂದನ್ನು ತುರುಕಿದರು. ಅಷ್ಟೇ. ಐಸ್ ಮೇಲೆ ಹಗ್ಗ ಎಳೆದ ಹಾಗೆ ಗೆರೆ ಬಿತ್ತು! ಎರಡು ವಾರ ಹಾಗೇ ಓಡಾಡಿ, ಆಮೇಲೆ ಉಳಿದ ಸ್ಕ್ರೂ ಹಾಕಿಸಿದೆ.

ಇನ್ನು ಸಾಣೆ. ಆ ಕಾಲುವೆ ಎಷ್ಟು ಆಳ ಅನ್ನುವುದು ಸಾಣೆಕಲ್ಲಿನ ಅಂಚಿನ ದುಂಡಿನ ತ್ರಿಜ್ಯದ ಮೇಲೆ. ತ್ರಿಜ್ಯ ಚಿಕ್ಕದಾದಷ್ಟೂ ಕಾಲುವೆ ಆಳ, ಅಂಚು ಐಸನ್ನು ಕಚ್ಚುವುದು ಜಾಸ್ತಿ. ಹೊಸ ಬ್ಲೇಡು 7/16 ಇಂಚಿನದ್ದಾಗಿತ್ತು. 82 ಕಿಲೋ ತೂಕದ ನನಗೆ ಅದು ಹಿಡಿದು ನಿಲ್ಲಿಸಿದ ಹಾಗಾಗುತ್ತಿತ್ತು. ಅಡ್ಡ ತಿರುಗಿ ನಿಲ್ಲಲು ಹೋದರೆ ಮುಗ್ಗರಿಕೆ. ಅರ್ಧ ಇಂಚಿಗೆ ಬದಲಾಯಿಸಿದ ಮೇಲೆ ಹಾಯಾಯ್ತು.

ಕೆಟ್ಟ ಕಥೆ ಬಂದಿದ್ದು ಟೋ ಪಿಕ್‌ನಿಂದ. ಎಲ್ಲಕ್ಕಿಂತ ಕೆಳಗಿರುವ ಹಲ್ಲಿಗೆ, ಅದನ್ನು ಡ್ರ್ಯಾಗ್ ಪಿಕ್ ಅಂತಾರೆ, ನಾನು ಪದೇ ಪದೇ ಎಡವುತ್ತಿದ್ದೆ. ಅದನ್ನು ಉಜ್ಜಿಸಿಬಿಡಲೇ ಅಂತ ಕೋಚ್ ಹತ್ತಿರ ಕೇಳಿದೆ. "ಹಲ್ಲಿನ ತಪ್ಪಲ್ಲ, ನೀನು ಮುಂದಕ್ಕೆ ಬಾಗ್ತೀಯ" ಅಂದರು. ಸುಮ್ಮನಾದೆ. ಮುಂದಿನ ತಿಂಗಳು ಅವಸರದಲ್ಲಿ ನನ್ನ ಬ್ಲೇಡನ್ನು ಐಸ್ ಹಾಕಿ ಆಟದ ಸ್ಕೇಟುಗಳಿಗೆ ಸಾಣೆ ಹಿಡಿಯುವ ಅಂಗಡಿಯೊಂದಕ್ಕೆ ಕೊಟ್ಟೆ. ಅವರು ತುದಿಯಿಂದ ತುದಿಗೆ ಕಲ್ಲಾಡಿಸಿ, ನಾನು ಕೇಳದೇನೇ ಆ ಹಲ್ಲನ್ನು ಅರ್ಧ ತಿಂದುಹಾಕಿದ್ದರು. ಪಾದದ ಉಬ್ಬಿನ ಕೆಳಗಿನ ಬಾಗೂ ಚಪ್ಪಟೆ. ಸ್ಪಿನ್ನಿನಲ್ಲಿ ನಿಲ್ಲುವುದು ಆ ಹಲ್ಲಿನ ಸ್ವಲ್ಪ ಹಿಂದೆ. ಹಲ್ಲು ಐಸನ್ನು ಸವರುತ್ತಿದ್ದರೇ ಜಾಗ ಗೊತ್ತಾಗೋದು. ಈಗ ಗುರುತೇ ಇಲ್ಲದ ಹಾಗೆ ಸುತ್ತುತ್ತಾ ಎಲ್ಲೋ ಹೋಗಿಬಿಡುತ್ತಿದ್ದೆ. ಹೋದ ಉಕ್ಕು ವಾಪಸ್ ಬರುವುದಿಲ್ಲ. ಮತ್ತೆ ಅದೇ ಕೊರೊನೇಷನ್ ಏಸ್, ಮತ್ತೆ ದುಡ್ಡು. ಹೆಂಡತಿ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಕಷ್ಟ, ಅಲ್ವಾ?

ಈಗ ಸಾಣೆಗೆ ಕೊಡುವ ಮೊದಲು ಬ್ಲೇಡನ್ನು ಪಕ್ಕಕ್ಕೆ ಮಲಗಿಸಿ, ಕಾಗದದ ಮೇಲೆ ಪೆನ್ಸಿಲ್‌ನಿಂದ ಅದರ ಆಕಾರ ಬರೆದುಕೊಳ್ಳುತ್ತೇನೆ. ವಾಪಸ್ ಬಂದ ಮೇಲೆ ಅದರ ಮೇಲಿಟ್ಟು ನೋಡುತ್ತೇನೆ. ಸ್ಕೇಟ್ ತಲೆಕೆಳಗೆ ಹಿಡಿದು, ಎರಡು ಅಂಚಿಗೂ ತಾಗುವಂತೆ ಒಂದು ಉಕ್ಕಿನ ಸ್ಕೇಲನ್ನು ಅಡ್ಡ ಇಡುತ್ತೇನೆ. ಅದು ಒಂದು ಕಡೆ ವಾಲಿದರೆ ಒಂದು ಅಂಚು ಎತ್ತರ, ಇನ್ನೊಂದು ತಗ್ಗು ಅಂತ ಅರ್ಥ. ಸುಮಾರು 25 ಗಂಟೆ ಜಾರಿದ ಮೇಲೆ ನನ್ನ ಅಂಚು ಮೊಂಡಾಗುತ್ತದೆ. ಉಗುರನ್ನು ಅಂಚಿಗೆ ಮೆಲ್ಲಗೆ ಸವರಿದಾಗ ಹುಡಿ ಉದುರದಿದ್ದರೆ ಸಾಣೆಯ ಹೊತ್ತು ಬಂತು. ಹಾಗಂತ ರಿಂಕಿನಿಂದ ಬಂದು ಒದ್ದೆ ಬ್ಲೇಡನ್ನು ಪ್ಲಾಸ್ಟಿಕ್ ಗಾರ್ಡಿನಲ್ಲೇ ಬಿಟ್ಟರೆ ಯಾವ ಸಾಣೆಯೂ ಉಳಿಯಲ್ಲ, ಬೆಳಗಾಗುವಷ್ಟರಲ್ಲಿ ತುಕ್ಕು. ಒರೆಸಲು ಹಳೇ ಪಂಚೆ ತುಂಡೊಂದು ಸದಾ ಚೀಲದಲ್ಲಿರುತ್ತದೆ.

ಮೊನ್ನೆ ಎಡ ಹಿಮ್ಮಡಿಯ ಸ್ಕ್ರೂ ಒಂದು ಹಿಡಿತ ಬಿಟ್ಟಿತ್ತು. ಚರ್ಮದ ತಳ ನೀರು ಕುಡಿದು ತೂತು ದೊಡ್ಡದಾಗಿದೆ. ಮರದ ಅಂಟು ಸವರಿದ ಹಲ್ಲುಕಡ್ಡಿ ಚೂರುಗಳನ್ನು ತುಂಬಿ ಒಣಗಲು ಇಟ್ಟಿದ್ದೇನೆ. ನಾಳೆ ಸಂಜೆ ಸ್ಕ್ರೂ ಬಿಗಿಯಬೇಕು, ಶನಿವಾರದ ರಿಂಕಿಗೆ ಮುಂಚೆ.