ಹಳೆ ಲಾರಿ ಕೊಳ್ಳುವ ಮುನ್ನ ಅದರಡಿ ನುಗ್ಗಿ ನೋಡಿ

ಸಕಲೇಶಪುರ, ಮೂಡಿಗೆರೆ ಕಡೆ ಹಳೆ ಲಾರಿ ಮಾರಾಟಕ್ಕಿದೆ ಅಂದರೆ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ನಾನೂ ಹಾಗೇ ಮಾಡಿದೆ. ಎಂಜಿನ್ ಸದ್ದಿಗೇ ಮನಸ್ಸು ಸೋತಿತ್ತು. ಚಾಸಿಗೆ, ಅಂದರೆ ಲಾರಿಯ ಭಾರ ಹೊರುವ ಅಡಿಯ ಕಬ್ಬಿಣದ ಚೌಕಟ್ಟಿಗೆ, ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದು ನೋಡಿ ಇನ್ನಷ್ಟು ಖುಷಿಯಾಯಿತು. ಒಂದೇ ಮಳೆಗಾಲ. ಬಣ್ಣ ಸಿಪ್ಪೆ ಸುಲಿದು ಬಂತು, ಒಳಗಿನ ಕಬ್ಬಿಣ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತ್ತು. ವೆಲ್ಡಿಂಗ್‌ನವನು ಬಗ್ಗಿ ನೋಡಿ, "ಅಣ್ಣಾ, ಇಲ್ಲಿ ಕಬ್ಬಿಣ ಎಲ್ಲೈತೆ? ಬರೀ ಬಣ್ಣ ನಿಂತೈತೆ" ಅಂದ.

ಎಂಜಿನ್ ಬೋರ್ ಮಾಡಿಸಬಹುದು, ಗೇರ್‌ಬಾಕ್ಸ್ ಬಿಚ್ಚಿಸಬಹುದು. ಚಾಸಿ ಹೋದರೆ ಲಾರಿ ಗುಜರಿಗೇ. ಹಾಗಾಗಿ ನೋಡುವುದನ್ನು ಅಡಿಯಿಂದ ಶುರು ಮಾಡಿ.

ಒಣ ದಿನ ಹೋಗಿ. "ವಾಟರ್ ಸರ್ವಿಸ್ ಮಾಡಿಸಿ ಇಟ್ಟಿರ್ತೀನಿ" ಅಂದರೆ ಬೇಡ ಅನ್ನಿ. ತೊಳೆದ ಗಾಡಿಯಲ್ಲಿ ಆಯಿಲ್ ಸೋರಿದ ಗುರುತೂ ತೊಳೆದು ಹೋಗಿರುತ್ತದೆ. ಗಾಲಿಗೆ ಕಲ್ಲು ಕೊಟ್ಟು, ಗೋಣಿಚೀಲ ಹಾಸಿಕೊಂಡು ಅಡಿಗೆ ಹೋಗಿ. ಬರೀ ಜಾಕಿ ನಂಬಿ ಮಾತ್ರ ನುಗ್ಗಬೇಡಿ. ಕೈಯಲ್ಲಿ ಟಾರ್ಚ್, ಸಣ್ಣ ಸುತ್ತಿಗೆ, ಹಳೆ ಸ್ಕ್ರೂಡ್ರೈವರ್ ಇದ್ದರೆ ಸಾಕು.

ಮೂರು ಕಡೆ ಜಾಸ್ತಿ ಹೊತ್ತು ನೋಡಿ. ಒಂದು, ಹಿಂದಿನ ಸ್ಪ್ರಿಂಗ್ ಪ್ಲೇಟ್ ಚಾಸಿಗೆ ಕೂರುವ ಬ್ರಾಕೆಟ್. ಇನ್ನೊಂದು, ಚಾಸಿಗೂ ಬಾಡಿಗೂ ನಡುವೆ ಉದ್ದಕ್ಕೆ ಮರದ ಪಟ್ಟಿ ಕೂರಿಸಿದ್ದರೆ ಅದರ ಅಡಿ. ನೆನೆದ ಮರ ದಿನಗಟ್ಟಲೆ ಆರುವುದಿಲ್ಲ, ಕಬ್ಬಿಣ ಮೇಲಿನಿಂದ ಕೊರೆದು ಹೋಗುತ್ತದೆ. ನನ್ನ ಲಾರಿ ಕೈಕೊಟ್ಟಿದ್ದು ಇಲ್ಲೇ. ಮೂರನೆಯದು ಚಾಸಿಯ ಒಳಮೈ, ಕೆಮ್ಮಣ್ಣು ಅಂಟಿ ಕೂರುವ ಜಾಗ. ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ 'ಟಣ್' ಅನ್ನುತ್ತದೆ, ತುಕ್ಕು ತಿಂದದ್ದು 'ದಬ್' ಅನ್ನುತ್ತದೆ. ಅನುಮಾನ ಬಂದ ಕಡೆ ಸ್ಕ್ರೂಡ್ರೈವರ್ ಒತ್ತಿ. ಒಳಗೆ ಇಳಿದರೆ ಎದ್ದು ಬನ್ನಿ, ವ್ಯಾಪಾರ ಮುಗಿಯಿತು.

ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಬಂದ ಅಚ್ಚನ್ನು ಆರ್‌ಸಿ ಜೊತೆ ಹೋಲಿಸಿ. ತುಕ್ಕು ತಿಂದು ನಂಬರ್ ಅಳಿಸಿದ್ದರೆ ಆರ್‌ಟಿಒದಲ್ಲಿ ಸುಮ್ನೆ ಅಲೆದಾಟ. ಕ್ಯಾಬಿನ್ ಬಾಗಿಲ ಕೆಳಗೆ, ಫುಟ್‌ಬೋರ್ಡ್ ಹತ್ತಿರ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಒಳಗಿರುವುದು ಕಬ್ಬಿಣವಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸುಬುಸು ಅಂತ ನುಗ್ಗುತ್ತದೆಯೇ? ಹಾಗಾದರೆ ಪಿಸ್ಟನ್ ರಿಂಗ್ ಸವೆದಿರುತ್ತದೆ. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ನೀರು ಸೇರಿದೆ. ಟೈರಿನ ಪಕ್ಕದಲ್ಲಿ 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಗಾಡಿಗೆ 8 ವರ್ಷ ದಾಟಿದ್ದರೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಅದರ ತಾರೀಕು, ಆರ್‌ಸಿಯಲ್ಲಿ ಸಾಲದ ನಮೂದು ಎರಡನ್ನೂ ನೋಡಿಯೇ ಮುಂಗಡ ಕೊಡಿ.

ಇನ್ನು ಕೊಂಡ ಮೇಲಿನ ಕೆಲಸ. ನಮ್ಮ ಕಡೆ ಲಾರಿ ತಿನ್ನುವುದು ಮಳೆಯೊಂದೇ ಅಲ್ಲ, ತೋಟಕ್ಕೆ ಸಾಗಿಸುವ ಗೊಬ್ಬರವೂ ಹೌದು. ಎಂಒಪಿ ಅಂತ ಕೊಳ್ಳುವ ಪೊಟ್ಯಾಶ್, ಅಡುಗೆ ಉಪ್ಪಿನ ಹಾಗೇ ಕಬ್ಬಿಣ ತಿನ್ನುವ ಕ್ಲೋರೈಡ್. ಒಡೆದ ಚೀಲದಿಂದ ಉದುರಿದ ಪುಡಿ ಸಂದಿಯಲ್ಲಿ ಕೂತು ತೇವ ಎಳೆದುಕೊಳ್ಳುತ್ತದೆ. ಗೊಬ್ಬರ ಇಳಿಸಿದ ದಿನವೇ ಗುಡಿಸಿ, ನೀರು ಬಿಟ್ಟು ತೊಳೆಯಿರಿ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುವ ಗಾಡಿಗೂ ಇದೇ ಉಪಚಾರ ಬೇಕು. ಅಲ್ಲಿನ ಗಾಳಿಯಲ್ಲೇ ಉಪ್ಪಿದೆ ಅಲ್ವಾ?

ತುಕ್ಕಿಗೆ ಬಣ್ಣ ಹೊಡೆಸುವುದಾದರೆ ಜೂನ್‌ವರೆಗೆ ಕಾಯಬೇಡಿ, ಬೇಸಿಗೆಯಲ್ಲೇ ಮುಗಿಸಿ. ಅಡಿಯನ್ನೆಲ್ಲ ತೊಳೆದು ಎರಡು ಮೂರು ದಿನ ಬಿಸಿಲಿಗೆ ಬಿಡಿ. ಸಡಿಲ ತುಕ್ಕನ್ನು ವೈರ್ ಬ್ರಷ್‌ನಿಂದ ಕೆರೆದು, ಉಳಿದ ತುಕ್ಕಿನ ಮೇಲೆ ರಸ್ಟ್ ಕನ್ವರ್ಟರ್ ದ್ರಾವಣ ಬಳಿಯಿರಿ. ಕೆಂಪು ತುಕ್ಕು ಕಪ್ಪಾಗಿ ಪೂರ್ತಿ ಒಣಗಿದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ಬರೀ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಬಿಟ್ಟರೆ ನೀರು ತಡೆಯುವುದಿಲ್ಲ. ಹಸಿ ತುಕ್ಕಿನ ಮೇಲೆ ಅಂಡರ್‌ಬಾಡಿ ಕೋಟಿಂಗ್ ಹೊಡೆಸುವುದಂತೂ ದುಡ್ಡು ಕೊಟ್ಟು ನೀರನ್ನು ಒಳಗೆ ಕೂಡಿಹಾಕಿದ ಹಾಗೆ. ನೀರು ಇಳಿಯುವ ತೂತುಗಳನ್ನು ತಂತಿ ಹಾಕಿ ಬಿಡಿಸಿ. ವೆಲ್ಡಿಂಗ್ ಮಾಡಿಸಿದರೆ ಬಣ್ಣ ಸುಟ್ಟ ಹಿಂಬದಿಗೂ ಅವತ್ತೇ ಪ್ರೈಮರ್ ಹಚ್ಚಿಸಿ.

ತುಕ್ಕು ಹಿಡಿಯದಿರಲಿ ಅಂತ ಚಾಸಿಗೆ ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿ ಇನ್ನೂ ಇದೆ. ನನಗೆ ಅದು ಸರಿಕಾಣದು. ರಬ್ಬರ್ ಬುಷ್, ಬ್ರೇಕ್ ಹೋಸ್ ಕೆಡುತ್ತವೆ, ಮಣ್ಣು ಅಂಟುತ್ತದೆ, ಮಳೆಗೆ ತೊಳೆದು ತೋಟಕ್ಕೂ ಇಳಿಯುತ್ತದೆ.

ಏರ್ ಬ್ರೇಕ್ ಇರುವ ಗಾಡಿಯಾದರೆ ದಿನಾ ಸಂಜೆ ಗಾಲಿಗೆ ಕಲ್ಲು ಕೊಟ್ಟು, ಏರ್ ಟ್ಯಾಂಕ್ ಅಡಿಯ ವಾಲ್ವ್ ತೆರೆದು ಒಳಗೆ ಕೂಡಿದ ನೀರು ತೆಗೆಯಿರಿ. ಕೆಂಚು ನೀರು ಬಂದರೆ ಟ್ಯಾಂಕ್ ಒಳಗೂ ತುಕ್ಕು ಹಿಡಿದಿದೆ. ಆ ಗಾಡಿಯನ್ನು ಘಾಟಿ ಇಳಿಸುವ ಮೊದಲು ಮೆಕ್ಯಾನಿಕ್ ಹತ್ತಿರ ಒಯ್ಯಿರಿ.